ಗಾರ್ಮೆಂಟ್ಸ್ ಆ್ಯಪ್‌ನ ಮೆನು ಬಿಚ್ಚಿ ಕಟ್ಟಿದ್ದು

ಕೈಗೆ ಬಂದಾಗ ಆ್ಯಪ್ ಹೀಗಿತ್ತು. ತೆರೆದ ಕೂಡಲೇ ಪರದೆ ತುಂಬ ಐದು ಮುಖ, ಅಳುವುದರಿಂದ ಹಿಡಿದು ನಗುವುದರವರೆಗೆ. ‘ಇಂದು ನಿಮ್ಮ ಮನಸ್ಸು ಹೇಗಿದೆ?’ ಯಾವುದಾದರೊಂದನ್ನು ಒತ್ತದೆ ಮುಂದೆ ಹೋಗುವಂತಿಲ್ಲ. ಒತ್ತಿದರೆ ಸೂರ್ಯೋದಯದ ಚಿತ್ರದ ಮೇಲೊಂದು ಸುಭಾಷಿತ, ಅದು ಸರಿದರೆ ಇನ್ನೊಂದು. ಎಡ ಮೂಲೆಯಲ್ಲಿ ಮೂರು ಗೆರೆಯ ಗುಂಡಿ. ಅದರೊಳಗೆ ಇಪ್ಪತ್ತರ ಹತ್ತಿರ ಸಾಲುಗಳ ಪಟ್ಟಿ, ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಸಂಬಳದ ಚೀಟಿ ಬೇಕೆಂದರೆ ಆ ಪಟ್ಟಿಯನ್ನು ಮೇಲಕ್ಕೆ ಎಳೆದು ಹುಡುಕಬೇಕು.

ಹಾಸನದ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಗಾರ್ಮೆಂಟ್ಸ್‌ನವರು ಇದನ್ನು ಬೇರೆಯವರಿಂದ ಕೊಂಡಿದ್ದರು. ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವರಿಗೆಂದು ಮಾಡಿದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಹೆಜ್ಜೆ ಎಣಿಸುವ ಪುಟವೂ ಇತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಬಂಡಲ್ ಹೊತ್ತು ಲೈನಿನಿಂದ ಲೈನಿಗೆ ಓಡಾಡುವ ಹೆಲ್ಪರ್ ಅಕ್ಕನ ಲೆಕ್ಕದಲ್ಲಿ ಇನ್ನೂರು ಚಿಲ್ಲರೆ ಹೆಜ್ಜೆ! ಫ್ಲೋರ್ ಒಳಗೆ ಫೋನ್ ಬಿಡುವುದಿಲ್ಲ. ಅವರು ನಡೆದಿದ್ದೆಲ್ಲ ನಡೆದೇ ಹೋಯಿತು, ಫೋನು ಮಾತ್ರ ಬ್ಯಾಗಿನಲ್ಲಿ ಮಲಗಿತ್ತು.

ಮುಖಗಳ ಪುಟದ ಅಂಕಿ ಅಂಶ ಆಡಳಿತದವರ ಹತ್ತಿರ ಬಣ್ಣದ ಚಾರ್ಟ್ ಆಗಿ ಕೂತಿತ್ತು. ಚಾರ್ಟ್ ತುಂಬ ನಗು. ಎಲ್ಲರೂ ಕೊನೆಯ ಮುಖವನ್ನೇ ಒತ್ತುತ್ತಿದ್ದರು, ಯಾಕೆಂದರೆ ಬಲಗೈ ಹೆಬ್ಬೆರಳಿಗೆ ಅದೇ ಹತ್ತಿರ.

ನನಗೆ ಕೊಟ್ಟ ಕೆಲಸ ಮಾತ್ರ ಬೇರೆ. ‘ಕೌನ್ಸೆಲಿಂಗ್ ಯಾರೂ ಬಳಸ್ತಾ ಇಲ್ಲ. ಅದು ಎದ್ದು ಕಾಣೋ ಹಾಗೆ ಮಾಡಿಕೊಡಿ. ಕೆಳಗಡೆ ಮಧ್ಯದಲ್ಲೊಂದು ದೊಡ್ಡ ಗುಂಡಿ, ಹೃದಯದ ಚಿತ್ರ, ಗುಲಾಬಿ ಬಣ್ಣ.’ ಮುಖ್ಯವಾದದ್ದು ಕಣ್ಣೆದುರಿಗಿರಲಿ ಅಂತ ಈ ವೃತ್ತಿಯಲ್ಲಿ ಎಲ್ಲರೂ ಹೇಳುವ ಮಾತೇ. ಮೂರು ಗೆರೆಯ ಗುಂಡಿಯ ಮೇಲೆ ನನಗೂ ಪ್ರೀತಿಯೇನಿಲ್ಲ. 1981ರ ಝೆರಾಕ್ಸ್ ಸ್ಟಾರ್ ಕಂಪ್ಯೂಟರಿಗೆಂದು ನಾರ್ಮ್ ಕಾಕ್ಸ್ ಬರೆದ ಗುರುತು ಅದು. ಎಲ್ಲಿಡಬೇಕೆಂದು ತಿಳಿಯದ್ದನ್ನೆಲ್ಲ ಅದರೊಳಗೆ ತುರುಕುವ ಚಾಳಿ ಮಾತ್ರ ನಮ್ಮ ಕಾಲದ್ದು. ಹಾಗಾಗಿ ಮೊದಲ ಕರಡಿನಲ್ಲಿ ಅವರು ಕೇಳಿದ ಗುಲಾಬಿ ಗುಂಡಿಯನ್ನೇ ಬರೆದು, ಆಮೇಲೆ ಆ್ಯಪ್ ಎಲ್ಲಿ, ಯಾವಾಗ ತೆರೆಯುತ್ತಾರೆ ಅಂತ ನೋಡಲು ಹೋದೆ.

ತೆರೆಯುವ ಜಾಗಗಳು

ಕಾರ್ಖಾನೆ ಬಸ್ಸಿನಲ್ಲಿ ಅರಸೀಕೆರೆ ಕಡೆಗೊಮ್ಮೆ, ಆಲೂರು ಕಡೆಗೊಮ್ಮೆ ಹೋಗಿ ಬಂದೆ. ಫೋನ್ ಕೈಗೆ ಬರುವುದೇ ಸಂಜೆ ಗೇಟ್ ದಾಟಿದ ಮೇಲೆ. ಸೀಟಿಗೆ ಮೂವರು, ಪಕ್ಕದಲ್ಲಿ ನಿಂತವರು ಇನ್ನಿಬ್ಬರು. ಒಬ್ಬರ ಪರದೆ ಐವರಿಗೆ ಕಾಣುತ್ತದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನ್, ಎಲ್ಲ ಕೆಲಸವೂ ಹೆಬ್ಬೆರಳಿಗೆ. ಸ್ಕ್ರೀನ್ ಗಾರ್ಡ್ ಒಡೆದದ್ದು ಮಾಮೂಲಿ. ಆಲೂರು ದಾಟಿ ಮಲೆನಾಡಿನ ಏರು ಶುರುವಾದರೆ ಸಿಗ್ನಲ್ ಬಂದು ಹೋಗುತ್ತಿರುತ್ತದೆ, ಸೂರ್ಯೋದಯದ ಚಿತ್ರ ಸುತ್ತುತ್ತಲೇ ಇರುತ್ತದೆ.

ಮನೆ ಸೇರಿದ ಮೇಲೆ ಫೋನು ಅವರದ್ದಲ್ಲ. ಮಗನಿಗೆ ಆಟ, ಮಗಳಿಗೆ ಶಾಲೆಯ ವಾಟ್ಸಾಪ್ ಗುಂಪು, ಕೆಲವರ ಮನೆಯಲ್ಲಿ ಇರುವುದೇ ಗಂಡನ ಫೋನು. ಲಾಕ್ ನಂಬರ್ ಮನೆಮಂದಿಗೆಲ್ಲ ಗೊತ್ತು. ಸಂಬಳ ಬಂತಾ ಅಂತ ಗಂಡ ನೋಡುವುದೂ ಇದೇ ಆ್ಯಪ್‌ನಲ್ಲಿ.

ಇಷ್ಟು ನೋಡಿದ ಮೇಲೆ ಗುಲಾಬಿ ಗುಂಡಿ ಬೇರೆಯೇ ಆಗಿ ಕಾಣತೊಡಗಿತು. ತುಂಬಿದ ಬಸ್ಸಿನಲ್ಲಿ ಅದನ್ನು ಒತ್ತುವುದೆಂದರೆ ಪಂಚಾಯ್ತಿ ಕಟ್ಟೆ ಮೇಲೆ ನಿಂತು ಕೂಗಿದ ಹಾಗೆ. ಕಣ್ಣಿಗೆ ಕಾಣಲಿಲ್ಲವೆಂದು ಒತ್ತಲಿಲ್ಲವೋ, ಒತ್ತಿದ್ದು ಪಕ್ಕದವರಿಗೆ ಕಾಣುತ್ತದೆಂದು ಒತ್ತಲಿಲ್ಲವೋ?

ಕ್ಯಾಂಟೀನ್ ಮೇಜಿನ ಮೇಲೆ

ಚೀಟಿ ಜೋಡಿಸುವ ಪರೀಕ್ಷೆ ಹಳೆಯ ವಿಧಾನ. ಆ್ಯಪ್‌ನಲ್ಲಿರುವ ಒಂದೊಂದು ವಿಷಯವನ್ನೂ ಒಂದೊಂದು ರಟ್ಟಿನ ಚೀಟಿಯಲ್ಲಿ ಬರೆದು, ಬಳಸುವವರ ಮುಂದೆ ಹರಡಿ, ಯಾವುದರ ಜೊತೆ ಯಾವುದು ಸೇರುತ್ತದೆ ಅಂತ ಅವರಿಂದಲೇ ಗುಂಪು ಮಾಡಿಸುವುದು. ಇದಕ್ಕೆ ಕಂಪ್ಯೂಟರಿನಲ್ಲಿ ಸಲಕರಣೆಗಳಿವೆ. ಆದರೆ ಊಟದ ಬಿಡುವು ಅರ್ಧ ಗಂಟೆ, ಕೈ ತೊಳೆದು ಬರುವಷ್ಟರಲ್ಲಿ ಅದರಲ್ಲೂ ಅರ್ಧ ಮುಗಿದಿರುತ್ತದೆ. ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಬಿಸಾಕಿದ ರಟ್ಟು ಸಾಕಾಯಿತು. ಸೂಪರ್‌ವೈಸರ್ ಹತ್ತಿರ ಬರಬಾರದು ಅಂತ ಒಂದೇ ಷರತ್ತು ಹಾಕಿದ್ದೆ.

ಸಂಬಳದ ಚೀಟಿ, ಪಿಎಫ್, ಓಟಿ, ಇನ್ಸೆಂಟಿವ್ ಯಾವ ಚರ್ಚೆಯೂ ಇಲ್ಲದೆ ಒಂದು ಗುಡ್ಡೆ. ರಜೆ ಅದರ ಜೊತೆ ಸೇರುತ್ತದೆಂದು ನಾನು ಎಣಿಸಿದ್ದೆ. ಇಲ್ಲ, ಅದು ಬೇರೆಯೇ ಬೇಕಂತೆ. ಆಲೂಗೆಡ್ಡೆ ಬಿತ್ತನೆಗೊಂದು, ಊರ ಹಬ್ಬಕ್ಕೊಂದು, ಮಗುವಿನ ಜ್ವರಕ್ಕೊಂದು ಅಂತ ವರ್ಷವಿಡೀ ಲೆಕ್ಕ ಹಾಕುವುದು ಅದನ್ನೇ. ಬಸ್ಸು, ಕ್ಯಾಂಟೀನ್, ಶಿಫ್ಟು ಇನ್ನೊಂದು ಗುಡ್ಡೆ: ‘ಇವು ದಿನಾ ನೋಡೋವು’. ಧ್ಯಾನದ ಆಡಿಯೋ, ಹೆಜ್ಜೆ ಎಣಿಕೆ, ಸುಭಾಷಿತ ಇವನ್ನು ಒಬ್ಬರು ಮೇಜಿನ ಅಂಚಿಗೆ ಸರಿಸಿ, ‘ಇವು ನಿಮಗೆ ಬೇಕಾ ಅಣ್ಣ?’ ಅಂದರು.

ಕೌನ್ಸೆಲರ್ ಚೀಟಿಯನ್ನು ಯಾರೂ ಮುಟ್ಟಲಿಲ್ಲ. ಎಲ್ಲವೂ ಗುಡ್ಡೆ ಸೇರಿದ ಮೇಲೂ ಅದೊಂದು ನಡುವೆ ಒಂಟಿಯಾಗಿ ಬಿದ್ದಿತ್ತು. ಕೊನೆಗೆ ಚೆಕ್ಕಿಂಗ್ ಸೆಕ್ಷನ್ನಿನ ಅಕ್ಕ ಒಬ್ಬರು ಅದನ್ನೆತ್ತಿ ಇಎಸ್‌ಐ (ಕಾರ್ಮಿಕರ ವಿಮೆ) ಆಸ್ಪತ್ರೆಯ ಚೀಟಿಯ ಅಡಿಗೆ ಇಟ್ಟರು. ಪಕ್ಕದಲ್ಲಲ್ಲ, ಅಡಿಗೆ. ‘ಆಸ್ಪತ್ರೆ ನಂಬರ್ ಹುಡುಕ್ತಿದ್ದೆ ಅಂತ ಹೇಳ್ಬೋದು ನೋಡಿ.’

ಈ ಕೆಲಸದಲ್ಲಿ ನನಗೆ ಸಿಕ್ಕ ಅತ್ಯುತ್ತಮ ವಿನ್ಯಾಸ ಅದೇ, ರಟ್ಟಿನಲ್ಲಿ. ಉಳಿದದ್ದೆಲ್ಲ ಅದನ್ನು ಕೋಡಿಗೆ ಇಳಿಸಿದ ಕೂಲಿ.

ನಾಲ್ಕು ಗುಂಡಿ

ಆಂಡ್ರಾಯ್ಡ್‌ನ ಮೆಟೀರಿಯಲ್ ವಿನ್ಯಾಸದ ನಿಯಮಗಳಲ್ಲಿ ಕೆಳಪಟ್ಟಿಗೆ, ಅಂದರೆ ಪರದೆಯ ತಳದ ಗುಂಡಿಸಾಲಿಗೆ, ಮೂರರಿಂದ ಐದು ಗುಂಡಿ ಅಂತಿದೆ. ನಾಲ್ಕಕ್ಕೆ ನಿಲ್ಲಿಸಿದೆ: ಇವತ್ತು, ಸಂಬಳ, ರಜೆ, ಫೋನ್. ಮೂರು ಗೆರೆಯ ಮೆನು ಪೂರ್ತಿ ಹೋಯಿತು. ಮುಖಗಳ ಪುಟವೂ ಹೋಯಿತು, ಅದಕ್ಕೆ ಒಂದಿಷ್ಟು ಜಗಳ ಆಯಿತು.

‘ಇವತ್ತು’ ಪುಟದಲ್ಲಿ ಶಿಫ್ಟು, ಬಸ್ಸು, ಊಟ ಅಷ್ಟೇ. ಬಸ್ಸಿನ ಸಾಲು ಎಲ್ಲಕ್ಕಿಂತ ಮೇಲೆ. ಹಾಸನಾಂಬ ದೇವಿಯ ದರ್ಶನದ ದಿನಗಳಲ್ಲಿ ಊರೊಳಗಿನ ರಸ್ತೆ ಬದಲಾಯಿಸುತ್ತಾರೆ, ಬಸ್ಸು ನಿಲ್ಲುವ ಜಾಗವೂ ಬದಲಾಗುತ್ತದೆ. ಅಂಥ ಬದಲಾವಣೆ ಇದ್ದರೆ ಸಾಲು ಹಳದಿ ಆಗುತ್ತದೆ. ಅದೇ ಪುಟದ ತಲೆಯಲ್ಲಿ ಭಾಷೆ ಬದಲಿಸುವ ಜಾಗ. ಹಾಸ್ಟೆಲಿನಲ್ಲಿ ಒಡಿಶಾ, ಜಾರ್ಖಂಡಿನ ಹುಡುಗಿಯರಿದ್ದಾರೆ. ಮೊದಲು ಭಾಷೆಯ ಆಯ್ಕೆ ಸೆಟ್ಟಿಂಗ್ಸ್‌ನ ಮೂರನೇ ಪುಟದಲ್ಲಿ, ಅದೂ ಕನ್ನಡದಲ್ಲಿ ಬರೆದಿತ್ತು. ಕನ್ನಡ ಬರದವರು ಕನ್ನಡ ಓದಿ ಕನ್ನಡದಿಂದ ಹೊರಗೆ ಬರಬೇಕಿತ್ತು! ಈಗ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿದೆ.

‘ಸಂಬಳ’ದಲ್ಲಿ ನಾನು ಹೆಚ್ಚು ಹೊತ್ತು ಕೂತೆ. ಎಲ್ಲರೂ ತೆರೆಯುವ ಪುಟ ಅದೊಂದೇ, ಅಂದಮೇಲೆ ದಾರಿಗಳು ಅಲ್ಲಿಂದಲೇ ಹೊರಡಬೇಕು. ಚೀಟಿಯಲ್ಲಿ ‘ಇಎಸ್‌ಐ ಕಡಿತ’ ಅನ್ನುವ ಸಾಲನ್ನು ಎಲ್ಲರೂ ನೋಡಿ ಗೊಣಗುತ್ತಾರೆ, ಸಂಬಳದ ಶೇ. 0.75 ಅದು, ಮಾಲೀಕರು ಕಟ್ಟುವುದು ಶೇ. 3.25, ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ. ಈಗ ಆ ಸಾಲನ್ನು ಒತ್ತಿದರೆ ಅದರಿಂದ ಏನು ಸಿಗುತ್ತದೆಂದು ತೆರೆಯುತ್ತದೆ: ಕಾಯಿಲೆ ಬಿದ್ದು ಮನೆಯಲ್ಲಿ ಕೂತರೆ ವರ್ಷಕ್ಕೆ 91 ದಿನದವರೆಗೆ ದಿನಗೂಲಿಯ ಶೇ. 70, ಅದಕ್ಕೆ ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್ ಅವಧಿಯಲ್ಲಿ 78 ದಿನದ ವಂತಿಗೆ ಆಗಿರಬೇಕು. ಹೆರಿಗೆಗೆ 26 ವಾರ. ಕೆಳಗೆ ಅವರ ಹತ್ತು ಅಂಕಿಯ ವಿಮೆ ನಂಬರ್, ದೊಡ್ಡ ಅಕ್ಷರದಲ್ಲಿ, ಆಸ್ಪತ್ರೆ ಕೌಂಟರಿನಲ್ಲಿ ತೋರಿಸುವ ಹಾಗೆ. ಮೊದಲು ಇದೆಲ್ಲ ‘ಪಾಲಿಸಿ ದಾಖಲೆಗಳು’ ಅನ್ನುವ ಪಿಡಿಎಫ್‌ನೊಳಗೆ ಹೂತಿತ್ತು. ಪಿಡಿಎಫ್ ತೆರೆಯಲು ಇನ್ನೊಂದು ಆ್ಯಪ್ ಬೇಕಿತ್ತು.

ರಜೆಯ ಪುಟದ ಬಗ್ಗೆ ಹೇಳುವಂಥದ್ದೇನಿಲ್ಲ. ಉಳಿದ ರಜೆ, ಅರ್ಜಿ, ಒಪ್ಪಿಗೆ.

ಡ್ರೈವರ್ ನಂಬರ್ ಪಕ್ಕ 14416

‘ಫೋನ್’ ಅಂದರೆ ಬರೀ ನಂಬರುಗಳ ಪಟ್ಟಿ. ಬಸ್ ಡ್ರೈವರುಗಳು, ಗೇಟ್ ಸೆಕ್ಯುರಿಟಿ, ಮಕ್ಕಳ ಕೋಣೆಯ ಆಯಾ, ಇಎಸ್‌ಐ, 108, 112, ಕರೆಂಟ್ ಹೋದರೆ ಚೆಸ್ಕಾಂನ 1912, ಬ್ಯಾಂಕಿನ ಹೆಸರಲ್ಲಿ ಫೋನ್ ಮಾಡಿ ದುಡ್ಡು ಹೊಡೆದರೆ 1930. ಆ ಪಟ್ಟಿಯ ‘ಆಸ್ಪತ್ರೆ’ ಗುಂಪಿನಲ್ಲಿ, ಅದೇ ಅಳತೆ, ಅದೇ ಬಣ್ಣದ ಸಾಲಾಗಿ ಕಾರ್ಖಾನೆಯ ಕೌನ್ಸೆಲರ್ ಮತ್ತು 14416. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಮಹಿಳಾ ಸಹಾಯವಾಣಿ 181 ಕೂಡ ಅಲ್ಲೇ.

ಈ ಪುಟ ತೆರೆದವರು ಏನು ಹುಡುಕುತ್ತಿದ್ದಾರೆಂದು ಪಕ್ಕದ ಸೀಟಿನವರಿಗೆ ಗೊತ್ತಾಗುವುದಿಲ್ಲ. ಗಂಡ ತೆರೆದರೂ ಅವನಿಗೆ ಕಾಣುವುದು 1912. ಮನೆಯವರಿಗೂ ಉಪಯೋಗಕ್ಕೆ ಬರುವ ಪುಟವಾದಷ್ಟೂ ಅವಳಿಗೆ ಅದರ ಮರೆ ಗಟ್ಟಿ. ಪುಟ ಪೂರ್ತಿ ಆ್ಯಪ್‌ನೊಳಗೇ ಇರುವುದರಿಂದ ಸಿಗ್ನಲ್ ಇಲ್ಲದ ಕಡೆಯೂ ತೆರೆಯುತ್ತದೆ. ಕರೆ ಮಾಡುವ ಅನುಮತಿಯನ್ನು ಆ್ಯಪ್ ಕೇಳುವುದಿಲ್ಲ: ನಂಬರ್ ಒತ್ತಿದರೆ ಫೋನಿನ ಡಯಲರ್‌ಗೆ ಅದು ಹೋಗಿ ಕೂರುತ್ತದೆ, ಹಸಿರು ಗುಂಡಿ ಅವರೇ ಒತ್ತಬೇಕು. ಕೈ ತಪ್ಪಿ ಒತ್ತಿದರೆ ಕರೆ ಹೋಗುವುದಿಲ್ಲ.

ಒಂದಕ್ಕೆ ಮಾತ್ರ ನಮ್ಮ ಹತ್ತಿರ ಮದ್ದಿಲ್ಲ. ಮಾಡಿದ ಕರೆ ಫೋನಿನ ಕರೆ ಪಟ್ಟಿಯಲ್ಲಿ ಉಳಿಯುತ್ತದೆ; ಆ್ಯಪ್ ಅದನ್ನು ಅಳಿಸಲಾರದು. ಅದಕ್ಕೇ ಆ ಮೂರು ನಂಬರುಗಳ ಕೆಳಗೆ ‘ಈ ಕರೆ ನಿಮ್ಮ ಫೋನಿನ ಕರೆ ಪಟ್ಟಿಯಲ್ಲಿ ಕಾಣುತ್ತದೆ. ಬೇಡವಾದರೆ ಅಲ್ಲಿ ಅಳಿಸಿ’ ಅಂತ ಬರೆದಿದ್ದೇವೆ. ಇಂಥ ಎಚ್ಚರಿಕೆ ಹಾಕಿದರೆ ಹೆದರಿಕೊಳ್ಳುತ್ತಾರೆ ಅಂತ ಆಡಳಿತದವರ ವಾದ. ಹೇಳದೆ ಇದ್ದು ಮನೆಯಲ್ಲಿ ಸಿಕ್ಕಿಬಿದ್ದರೆ ಇನ್ನೂ ಹೆದರಿಕೆ ಅಲ್ಲವೇ?

ಮರೆಗೆ ಬೆಲೆಯೂ ಇದೆ. ಹೊಸದಾಗಿ ಸೇರಿದವರಿಗೆ ಕೌನ್ಸೆಲರ್ ಇದ್ದಾರೆಂಬುದೇ ಗೊತ್ತಾಗದೆ ಹೋಗಬಹುದು. ಅದಕ್ಕೆ ಅಡ್ಡದಾರಿಗಳನ್ನು ಹಾಕಿದೆವು. ಕಾಯಿಲೆ ರಜೆಯ ಅರ್ಜಿ ಕಳಿಸಿದ ಮೇಲೆ ಬರುವ ಪುಟದಲ್ಲಿ ‘ಆಸ್ಪತ್ರೆ ನಂಬರುಗಳು’ ಅಂತ ಒಂದು ಸಾಲು. ಸಂಬಳದ ಇಎಸ್‌ಐ ಪುಟದ ಕೊನೆಯಲ್ಲೂ ಅದೇ ಸಾಲು. ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಆ್ಯಪ್‌ನ ಹೊರಗಿನದು: ಶೌಚಾಲಯದ ಬಾಗಿಲುಗಳ ಒಳಮೈಗೆ ಅಂಟಿಸಿದ ಚೀಟಿ. ‘ಫೋನ್ ಒತ್ತಿ, ಆಸ್ಪತ್ರೆಗೆ ಇಳಿಯಿರಿ, ಕೊನೆಯ ಮೂರು ಸಾಲು.’ ಇಡೀ ಕಾರ್ಖಾನೆಯಲ್ಲಿ ಒಬ್ಬರೇ ನಿಂತು ಓದಬಹುದಾದ ಗೋಡೆ ಅದೊಂದೇ.

ಲೈಂಗಿಕ ಕಿರುಕುಳದ ದೂರು ಎಲ್ಲಿತ್ತು ಗೊತ್ತೇ? ‘ಸಲಹೆ ಮತ್ತು ಅನಿಸಿಕೆ’ಯಲ್ಲಿ, ಸಾರಿಗೆ ಉಪ್ಪು ಜಾಸ್ತಿ ಅನ್ನುವ ದೂರಿನ ಪಕ್ಕ, ಎರಡೂ ಹೋಗಿ ಬೀಳುತ್ತಿದ್ದುದು ಒಂದೇ ಇನ್‌ಬಾಕ್ಸಿಗೆ. 2013ರ ಕಾಯ್ದೆಯ ಪ್ರಕಾರ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಬೇಕು, ಅಧ್ಯಕ್ಷೆ ಮಹಿಳೆಯೇ ಆಗಿರಬೇಕು, ಹೊರಗಿನವರೊಬ್ಬರು ಸದಸ್ಯರಾಗಿರಬೇಕು. ಈಗ ಸಮಿತಿಯ ಸದಸ್ಯರ ಹೆಸರು, ನಂಬರ್ ಫೋನ್ ಪುಟದಲ್ಲಿವೆ, ದೂರು ಕೊಡಲು ಘಟನೆಯಿಂದ ಮೂರು ತಿಂಗಳ ಅವಧಿ ಅಂತಲೂ ಬರೆದಿದೆ. ದೂರು ಬರೆಯುವ ಫಾರ್ಮ್ ಅನ್ನು ಆ್ಯಪ್‌ನಿಂದ ತೆಗೆಸಿದೆ. ಮಗ ಆಟ ಆಡುವ ಫೋನಿನಲ್ಲಿ ಅಂಥದ್ದನ್ನು ಅರ್ಧ ಬರೆದಿಟ್ಟು ಹೋಗುವ ಸಾಧ್ಯತೆಯೇ ನನಗೆ ಬೇಡವಾಗಿತ್ತು.

ಕೋಡಿನ ಕಡೆ ಕಾಡಿದ್ದು

ಆ್ಯಪ್ ಇರುವುದು ಫ್ಲಟರ್‌ನಲ್ಲಿ, ಆ್ಯಪ್ ಕಟ್ಟಲು ಗೂಗಲ್ ಮಾಡಿದ ಸಲಕರಣೆ ಅದು. ಕೆಳಪಟ್ಟಿಗೆ, ಪುಟದಿಂದ ಪುಟಕ್ಕೆ ದಾರಿ ತೋರಿಸುವ ಗೋ ರೂಟರ್ ಅನ್ನುವ ಕೋಡಿನ ಸ್ಟೇಟ್‌ಫುಲ್ ಶೆಲ್ ರೂಟ್ ಬಳಸಿದೆ. ಇದರ ಗುಣವೆಂದರೆ ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗಿ ಮರಳಿದರೆ ಬಿಟ್ಟ ಜಾಗದಲ್ಲೇ ಇರುತ್ತೀರಿ. ಸಾಮಾನ್ಯ ಆ್ಯಪ್‌ಗೆ ಇದು ವರ. ಇಲ್ಲಿ ಶಾಪ: ಪಟ್ಟಿಯೊಳಗಿನ ಕೌನ್ಸೆಲರ್ ಪುಟ ತೆರೆದು ಸಂಬಳಕ್ಕೆ ಹೋಗಿ ಫೋನ್ ಪಕ್ಕಕ್ಕಿಟ್ಟರೆ, ಆಮೇಲೆ ಯಾರೋ ‘ಫೋನ್’ ಒತ್ತಿದಾಗ ನೇರ ಕೌನ್ಸೆಲರ್ ಪುಟವೇ ಎದುರಾಗುತ್ತದೆ.

ಇದರ ಜೊತೆ ಹೆಣೆದುಕೊಂಡ ಇನ್ನೊಂದು ತೊಡಕು ಸ್ಕ್ರೀನ್‌ಶಾಟಿನದು. ಆಂಡ್ರಾಯ್ಡ್‌ನಲ್ಲಿ ಫ್ಲ್ಯಾಗ್ ಸೆಕ್ಯೂರ್ ಅನ್ನುವ ಗುರುತು ಹಾಕಿದರೆ ಸ್ಕ್ರೀನ್‌ಶಾಟ್ ಬರುವುದಿಲ್ಲ, ಇತ್ತೀಚಿನ ಆ್ಯಪ್‌ಗಳ ಸಾಲಿನಲ್ಲಿ ಪುಟ ಖಾಲಿಯಾಗಿ ಕಾಣುತ್ತದೆ. ನಮಗೆ ಬೇಕಾದ್ದೇ. ಆದರೆ ಇಡೀ ಆ್ಯಪ್‌ಗೆ ಹಾಕಿದರೆ ಸಂಬಳದ ಚೀಟಿಯ ಸ್ಕ್ರೀನ್‌ಶಾಟ್ ಕೂಡ ಹೋಗುತ್ತದೆ. ಸಂಘದ ಸಾಲಕ್ಕೆ, ಫೈನಾನ್ಸ್‌ನವರಿಗೆ ವಾಟ್ಸಾಪಿನಲ್ಲಿ ಕಳಿಸುವುದು ಅದನ್ನೇ. ಅದನ್ನು ಕಿತ್ತುಕೊಂಡರೆ ಮಾರನೇ ದಿನ ಗೇಟಿನಲ್ಲಿ ನನ್ನನ್ನು ಹಿಡಿಯುತ್ತಿದ್ದರು. ಹಾಗಾಗಿ ಕೌನ್ಸೆಲರ್ ಮತ್ತು ಸಮಿತಿಯ ಪುಟಗಳಿಗೆ ಹೋದಾಗ ಹಾಕಿ, ಹೊರಬಂದಾಗ ತೆಗೆಯಬೇಕು. ಫ್ಲಟರ್‌ನಲ್ಲಿ ಇಡೀ ಆ್ಯಪ್ ಆಂಡ್ರಾಯ್ಡ್ ಲೆಕ್ಕದಲ್ಲಿ ಒಂದೇ ಆ್ಯಕ್ಟಿವಿಟಿ, ಅಂದರೆ ಒಂದೇ ಪರದೆ; ಆದ್ದರಿಂದ ಪುಟ ತೆರೆದದ್ದು, ಮುಚ್ಚಿದ್ದು ಗಮನಿಸುವ ರೂಟ್ ಅಬ್ಸರ್ವರ್ ಮೂಲಕ ಆಂಡ್ರಾಯ್ಡ್ ಕಡೆಗೆ ಹೇಳಿ ಕಳಿಸಿದೆ. ಹಿಂದಕ್ಕೆ ಒತ್ತಿ ಹೊರಬಂದರೆ ಸರಿಯಾಗಿ ತೆಗೆಯುತ್ತಿತ್ತು. ಕೆಳಗಿನ ಗುಂಡಿ ಒತ್ತಿ ಹೊರಬಂದರೆ ಇಲ್ಲ: ಪುಟ ಹಿಂದೆ ಜೀವಂತವಾಗಿಯೇ ಇರುವುದರಿಂದ ಅಬ್ಸರ್ವರ್‌ಗೆ ಸುದ್ದಿಯೇ ಮುಟ್ಟುವುದಿಲ್ಲ, ಸಂಬಳದ ಪುಟದಲ್ಲೂ ಸ್ಕ್ರೀನ್‌ಶಾಟ್ ಬಂದ್.

ಎರಡಕ್ಕೂ ಒಂದೇ ಪರಿಹಾರ ಸಿಕ್ಕಿತು. ‘ಫೋನ್’ ಬಿಟ್ಟು ಬೇರೆ ಗುಂಡಿ ಒತ್ತಿದ ಗಳಿಗೆಯಲ್ಲೇ ‘ಫೋನ್’ ಅನ್ನು ಅದರ ಮೊದಲ ಪುಟಕ್ಕೆ ಮರಳಿಸಿ ಬಿಡುವುದು. ಒಳಪುಟ ಮುಚ್ಚಿಕೊಳ್ಳುತ್ತದೆ, ಅಬ್ಸರ್ವರ್‌ಗೆ ಸುದ್ದಿ ಮುಟ್ಟುತ್ತದೆ, ಫ್ಲ್ಯಾಗ್ ಇಳಿಯುತ್ತದೆ. ಬೇರೆ ಆ್ಯಪ್‌ಗೆ ಹೋದರೂ ಇದೇ ನಡೆ, ಬಂದಾಗ ‘ಇವತ್ತು’ ಪುಟ. ಉಳಿದ ಮೂರು ಗುಂಡಿಗಳು ಮಾತ್ರ ಬಿಟ್ಟ ಜಾಗ ನೆನಪಿಟ್ಟುಕೊಳ್ಳುತ್ತವೆ.

ನೋಟಿಫಿಕೇಶನ್ನಿನದು ಸಣ್ಣ ರಿಪೇರಿ. ‘ನಾಳೆ 4 ಗಂಟೆಗೆ ನಿಮ್ಮ ಕೌನ್ಸೆಲಿಂಗ್’ ಅಂತ ಲಾಕ್ ಆದ ಪರದೆಯ ಮೇಲೇ ಬರುತ್ತಿತ್ತು! ಈಗ ಎಲ್ಲ ಸಂದೇಶಕ್ಕೂ, ಊಟದ ಮೆನು ಬದಲಾದರೂ, ಬರುವ ಮಾತು ಒಂದೇ: ‘ಹೊಸ ಸಂದೇಶ ಇದೆ’.

ಅಕ್ಷರದ ತಾಪತ್ರಯ ಕನ್ನಡದಲ್ಲಿ ಆ್ಯಪ್ ಮಾಡುವವರಿಗೆಲ್ಲ ಗೊತ್ತಿರುವುದೇ. ಕೆಳಪಟ್ಟಿಯ ಹೆಸರಿನ ಜಾಗ ಇಂಗ್ಲಿಷ್ ಅಕ್ಷರದ ಎತ್ತರ ನೋಡಿ ಮಾಡಿದ್ದು. ‘ಸಂಬಳ’, ‘ರಜೆ’ ಚೆನ್ನಾಗಿ ಕೂತವು. ‘ಇವತ್ತು’ ಬರೆದಾಗ ಒತ್ತಿನ ಕೆಳಭಾಗ ಕತ್ತರಿಸಿಹೋಯಿತು. ನೋಟೊ ಸಾನ್ಸ್ ಕನ್ನಡ ಅನ್ನುವ ಫಾಂಟ್ ಹಾಕಿ, ಸಾಲಿನ ಎತ್ತರ ಒಂದೂವರೆ ಪಟ್ಟು ಮಾಡಿ, ಪಟ್ಟಿಯನ್ನೂ ಒಂದಿಷ್ಟು ದಪ್ಪ ಮಾಡಿದ ಮೇಲೆ ಸರಿಹೋಯಿತು. ಪರೀಕ್ಷೆಗೆ ‘ಸ್ತ್ರೀ’ ಅಂತ ಬರೆದು ನೋಡುವುದು ನನ್ನ ರೂಢಿ. ಅದು ಪೂರ್ತಿ ಕಂಡರೆ ಬೇರೆಲ್ಲವೂ ಕಾಣುತ್ತದೆ. ಒತ್ತುವ ಜಾಗ 48 ಡಿಪಿಗಿಂತ (ಆಂಡ್ರಾಯ್ಡ್ ಪರದೆಯ ಅಳತೆ) ಕಮ್ಮಿ ಇರಬಾರದೆಂಬ ನಿಯಮವಿದೆ, ಸುಮಾರು ಒಂಬತ್ತು ಮಿಲಿಮೀಟರ್. ಕುಲುಕುವ ಬಸ್ಸಿಗೆ ಅದು ಸಾಲದು ಅನ್ನಿಸಿ ಫೋನ್ ಪಟ್ಟಿಯ ಸಾಲುಗಳನ್ನು 64 ಮಾಡಿದೆ.

ಮತ್ತೆ ಮೇಜಿಗೆ

ಕರಡು ತಯಾರಾದ ಮೇಲೆ ಅವರದೇ ಫೋನುಗಳಿಗೆ ಹಾಕಿಕೊಟ್ಟು, ಮೊದಲ ಬೆರಳು ಎಲ್ಲಿಗೆ ಹೋಗುತ್ತದೆ ಅಂತ ನೋಡಿದೆ. ‘ಹೋದ ತಿಂಗಳು ಓಟಿ ಎಷ್ಟು ಬಂತು ನೋಡಿ ಅಕ್ಕ.’ ಕೇಳಿ ಮುಗಿಯುವ ಮೊದಲೇ ಬೆರಳು ‘ಸಂಬಳ’ದ ಮೇಲಿತ್ತು. ‘ನಿಮ್ಮ ಪಕ್ಕದ ಮಿಷನ್ನಿನ ಹುಡುಗಿಗೆ ರಾತ್ರಿ ನಿದ್ದೆನೇ ಬರ್ತಿಲ್ಲ ಅಂತಾಳೆ, ಏನು ತೋರಿಸ್ತೀರಿ?’ ಇಂಥದ್ದನ್ನು ಅವರ ಬಗ್ಗೆ ಕೇಳಬಾರದು, ಪಕ್ಕದ ಮಿಷನ್ನಿನವರ ಬಗ್ಗೆ ಕೇಳಬೇಕು. ಹೆಚ್ಚಿನವರು ‘ಫೋನ್’ ಒತ್ತಿ ಕೆಳಗಿಳಿದರು. ಒಬ್ಬರು ‘ಟಾರ್ಗೆಟ್ ಕಮ್ಮಿ ಮಾಡೋ ಗುಂಡಿ ಇಲ್ವಾ?’ ಅಂದಾಗ ಮೇಜಿಗೆ ಮೇಜೇ ನಕ್ಕಿತು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಆ್ಯಪ್ ಹತ್ತಿರವೂ ಇಲ್ಲ.

ಮಕ್ಕಳ ಕೋಣೆಯನ್ನು ಎಲ್ಲರೂ ‘ಇವತ್ತು’ ಪುಟದಲ್ಲೇ ಹುಡುಕಿದರು. ಒಂದು ವಿಷಯ ಒಂದೇ ಕಡೆ ಇರಬೇಕೆಂಬ ಮಡಿಯನ್ನು ಬಿಟ್ಟು ಎರಡೂ ಕಡೆ ಹಾಕಿದೆ.

ಕೊನೆಯ ಹಗ್ಗಜಗ್ಗಾಟ ಲೆಕ್ಕದ್ದು. ಕೌನ್ಸೆಲರ್ ಪುಟವನ್ನು ಯಾವ ಲೈನಿನವರು ಎಷ್ಟು ಸಲ ತೆರೆದರು ಅಂತ ವರದಿ ಬೇಕೆಂದರು. ಹೆಸರಿಲ್ಲದಿದ್ದರೂ ಪರವಾಗಿಲ್ಲವಂತೆ. ಒಂದು ಲೈನಿನಲ್ಲಿ ಮೂವತ್ತು ನಲವತ್ತು ಜನ. ವಾರದಲ್ಲಿ ಒಂದು ಸಲ ತೆರೆದದ್ದು ಅಂತ ಬಂದರೆ, ಆ ವಾರ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದವರು ಯಾರೆಂದು ಸೂಪರ್‌ವೈಸರ್‌ಗೆ ಹೆಸರು ಬೇಕೇ? ಫೋನ್ ಗುಂಡಿಯೊಳಗಿನ ಯಾವ ಪುಟದಿಂದಲೂ ಸರ್ವರ್‌ಗೆ ಏನೂ ಹೋಗದ ಹಾಗೆ ಕೋಡಿನಲ್ಲೇ ಕತ್ತರಿಸಿದ್ದೇನೆ. ಕಾರ್ಖಾನೆಯ ಕೌನ್ಸೆಲರ್ ತಿಂಗಳಿಗೊಮ್ಮೆ ಇಡೀ ಘಟಕಕ್ಕೆ ಸೇರಿಸಿ ಎಷ್ಟು ಜನ ಬಂದರೆಂದು ಹೇಳುತ್ತಾರೆ, ಅಷ್ಟೇ ಸಾಕೆಂದು ವೆಲ್ಫೇರ್ ಆಫೀಸರ್ ಮೇಡಂ ನನ್ನ ಪರ ನಿಂತರು. ಅವರು ನಿಲ್ಲದಿದ್ದರೆ ಇದು ಉಳಿಯುತ್ತಿರಲಿಲ್ಲ.

ಈಗಿನ ಸ್ಥಿತಿ: ಎರಡು ರೂಟಿನ ಬಸ್ಸಿನವರ ಫೋನಿನಲ್ಲಿ ಹೊಸದು ಓಡುತ್ತಿದೆ, ಉಳಿದವರಿಗೆ ಮುಂದಿನ ಸಂಬಳದ ಹೊತ್ತಿಗೆ. ಆ್ಯಪ್‌ನ ಹೆಸರು, ಪದ್ಮಾಸನ ಹಾಕಿ ಕೂತ ಹೆಂಗಸಿನ ಐಕಾನ್ ಎರಡೂ ಹಳೆಯವೇ, ಬದಲಿಸಲು ಒಪ್ಪಿಲ್ಲ. ನಂಬರ್ ಪಟ್ಟಿ ಆ್ಯಪ್‌ನೊಳಗೇ ಇರುವುದರಿಂದ ಡ್ರೈವರ್ ಬದಲಾದಾಗ ಹೊಸ ಪಟ್ಟಿ ಇಳಿಸುವ ಏರ್ಪಾಡು ಬೇಕು: ಅದಕ್ಕೊಂದು ಸಣ್ಣ ಫಾರ್ಮ್ ಮಾಡಿ ಟ್ರಾನ್ಸ್‌ಪೋರ್ಟ್ ಗುಮಾಸ್ತರಿಗೆ ಕೊಟ್ಟಿದ್ದೇನೆ. ಅವರು ನಂಬರ್ ಬದಲಿಸಿ ಉಳಿಸಿದರೆ, ಮುಂದಿನ ಸಲ ನೆಟ್ ಸಿಕ್ಕಾಗ ಎಲ್ಲರ ಫೋನಿಗೂ ಇಳಿಯುತ್ತದೆ. ಅರಸೀಕೆರೆ ರೂಟಿನ ಡ್ರೈವರಣ್ಣನ ನಂಬರ್ ಆಗಲೇ ಒಮ್ಮೆ ಬದಲಾಗಿದೆ, ಪಟ್ಟಿಯೂ ಬದಲಾಗಿದೆ.